ಒಮ್ಮೆಲೇ ಬೆಚ್ಚಗಾದ ಸಮುದ್ರ

ನಿಗಡಿಯಲ್ಲಿ ಹತ್ತಿದ ಬಸ್ಸು ಸ್ವಾರಗೇಟ್ ದಾಟುವಷ್ಟರಲ್ಲಿ ಇಂದೂಗೆ ಕುತ್ತಿಗೆ ಹಿಡಿದುಕೊಂಡಿತ್ತು. ಅದೇನು ಹೊಸದಲ್ಲ. ವರ್ಷಗಟ್ಟಲೆ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ ಕುತ್ತಿಗೆ ಅದು. ನೋಯದ ದಿನ ಬಂದರೇ ಅವಳಿಗೆ ಗಾಬರಿಯಾಗಬೇಕು. ಕಂಡಕ್ಟರ್ ‘ಪುಢೇ ಸರಕಾ, ಪುಢೇ ಸರಕಾ’ ಎಂದು ಬೆನ್ನಿಗೆ ಬೆನ್ನು ಹಚ್ಚಿ ನಿಂತವರನ್ನು ಇನ್ನೂ ಮುಂದೆ ತಳ್ಳುತ್ತಿದ್ದ. ಎಲ್ಲಿಗೆ ಸರಿಯುವುದಪ್ಪಾ ಎಂದು ಕೇಳುವ ಉತ್ಸಾಹವೂ ಅವಳಲ್ಲಿ ಉಳಿದಿರಲಿಲ್ಲ. ಶನಿವಾರದ ಮಧ್ಯಾಹ್ನ, ಮನೆಯಲ್ಲಿ ಕಾಲು ಚಾಚಿ ಮಲಗಬೇಕಾದ ಹೊತ್ತಿನಲ್ಲಿ, ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಧನಕವಡಿಯಲ್ಲಿರುವ ಪಂಢರಿನಾಥ ಸರ್ ಮನೆಗೆ ಹೊರಟಿದ್ದಳು. ಕೆಲಸ ಇಷ್ಟೇ: ಕೆಲವು ಚಿಪ್ಪುಗಳನ್ನು ಇನ್ನೊಮ್ಮೆ ಎಣಿಸುವುದು.

ಪುಣೆಯಲ್ಲಿ ಸಮುದ್ರವಿಲ್ಲ. ಆದರೂ ಸಮುದ್ರವನ್ನು ನಂಬಿ ಹೊಟ್ಟೆ ಹೊರೆಯುವ ಕೆಲವರು ಈ ಊರಿನಲ್ಲಿದ್ದಾರೆ, ಇಂದೂ ಅವರಲ್ಲೊಬ್ಬಳು. ಹಡಗಿನಿಂದ ಉದ್ದನೆಯ ಕೊಳವೆ ಇಳಿಸಿ ಅರಬ್ಬಿ ಸಮುದ್ರದ ತಳಕ್ಕೆ ಚುಚ್ಚಿ ಮೇಲೆತ್ತಿದರೆ ಅದರ ತುಂಬ ಕೆಸರು ಬರುತ್ತದೆ. ಅದಕ್ಕೆ ಕೋರ್ ಅನ್ನುತ್ತಾರೆ. ಮೇಲಿನ ಕೆಸರು ನಿನ್ನೆ ಮೊನ್ನೆಯದು, ಕೆಳಗಿಳಿದಂತೆಲ್ಲ ಸಾವಿರಾರು ವರ್ಷ ಹಳೆಯದು. ಅದನ್ನು ತೆಳ್ಳಗೆ ಹೋಳು ಮಾಡಿ, ಜರಡಿಯಲ್ಲಿ ತೊಳೆದು ಒಣಗಿಸಿದರೆ ಕೊನೆಗೆ ಉಳಿಯುವುದು ಒಂದು ಚಿಟಿಕೆ ಬಿಳಿ ಮರಳು. ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಅದು ಮರಳಲ್ಲ. ಒಂದೊಂದು ಕಣವೂ ಒಂದು ಚಿಪ್ಪು, ಒಂದೇ ಕೋಶದ ಜೀವಿ ತನಗಾಗಿ ಕಟ್ಟಿಕೊಂಡ ಸುರುಳಿ ಮನೆ. ಫೊರಾಮ್ ಎಂದು ಇವುಗಳ ಹೆಸರು. ಚಿರೋಟಿ ರವೆಯ ಕಾಳಿನಷ್ಟು ಗಾತ್ರ.

ಇವುಗಳಲ್ಲಿ ಒಂದು ಜಾತಿಗೆ ಒಂದು ಚಾಳಿಯಿದೆ. ನೀರು ಬೆಚ್ಚಗಿದ್ದರೆ ಹೆಚ್ಚಿನವು ಬಲಕ್ಕೆ ಸುತ್ತುತ್ತವೆ, ತಣ್ಣಗಿದ್ದರೆ ಎಡಕ್ಕೆ. ಎಷ್ಟು ಬಲಮುರಿ, ಎಷ್ಟು ಎಡಮುರಿ ಎಂದು ಹೋಳು ಹೋಳಾಗಿ ಎಣಿಸುತ್ತ ಹೋದರೆ ಯಾವ ಕಾಲದಲ್ಲಿ ಸಮುದ್ರ ಹೇಗಿತ್ತು ಎಂದು ಹೇಳಬಹುದು. ಹೇಳಬಹುದು ಎಂದು ಬರೆಯುವುದು ಸುಲಭ. ಎಣಿಸುವವರ ಕಣ್ಣು, ಕುತ್ತಿಗೆ, ಮದುವೆಯ ವಯಸ್ಸು ಎಲ್ಲ ಅದರಲ್ಲೇ ಕರಗಿ ಹೋಗುತ್ತವೆ.

ಇಂದೂಳ ಕೋರನ್ನು ಇಬ್ಬರು ಹಂಚಿಕೊಂಡು ಎಣಿಸಿದ್ದರು. ಮೇಲಿನ ಅರ್ಧ ಅವಳದು. ಕೆಳಗಿನ, ಹಳೆಯ ಅರ್ಧ ಪಂಢರಿನಾಥ ಸರ್ ಅವರದು. ಅವರು ಅವಳ ಗುರು. ನಿವೃತ್ತರಾದ ಮೇಲೂ ಸುಮ್ಮನೆ ಕೂರಲಾಗದೆ, ಸಂಸ್ಥೆಯ ಸೂಕ್ಷ್ಮದರ್ಶಕವೊಂದನ್ನು ಮನೆಯ ಊಟದ ಟೇಬಲ್ಲಿನ ಮೇಲೆ ಇಟ್ಟುಕೊಂಡು, ‘ನಿನ್ನ ಕೆಳಗಿನ ಭಾಗ ನನಗ ಕೊಡು’ ಎಂದು ತಾವಾಗಿ ಕೇಳಿ ಪಡೆದವರು. ಇಬ್ಬರ ಲೆಕ್ಕವನ್ನೂ ಜೋಡಿಸಿದಾಗ ಎಲ್ಲರೂ ಹೌಹಾರುವಂಥದ್ದು ಕಂಡಿತು. ಕೆಳಗಿನ ಅರ್ಧದಲ್ಲಿ ಹೆಚ್ಚುಕಡಿಮೆ ಎಲ್ಲ ಎಡಮುರಿ, ಮೇಲಿನ ಅರ್ಧದಲ್ಲಿ ಹೆಚ್ಚುಕಡಿಮೆ ಎಲ್ಲ ಬಲಮುರಿ. ಅಂದರೆ ತಣ್ಣಗಿದ್ದ ಸಮುದ್ರ ಒಂದೇ ಏಟಿಗೆ ಬೆಚ್ಚಗಾಗಿತ್ತು. ಸಂಸ್ಥೆಯಲ್ಲಿ ಎಲ್ಲರೂ ಅದನ್ನು ‘ಇಂದೂನ ಜಿಗಿತ’ ಎಂದೇ ಕರೆಯತೊಡಗಿದರು.

ಆ ಜಿಗಿತದ ಮೇಲೆ ಅವಳ ಬದುಕೂ ನಿಂತಿತ್ತು. ನಲವತ್ತು ದಾಟಿದರೂ ಅವಳದು ಇನ್ನೂ ಪ್ರಾಜೆಕ್ಟಿನಿಂದ ಪ್ರಾಜೆಕ್ಟಿಗೆ ಜೋತುಬಿದ್ದ ನೌಕರಿ. ಈ ಸಲ ಒಂದು ಕಾಯಂ ಹುದ್ದೆ ಖಾಲಿಯಾಗಿತ್ತು. ಪ್ರಬಂಧ ಅಚ್ಚಾದರೆ ಹುದ್ದೆ ನಿನ್ನದೇ ಎಂದು ನಿರ್ದೇಶಕರೇ ಬಾಯಿಬಿಟ್ಟು ಹೇಳಿದ್ದರು. ಅಚ್ಚಾಗದಿದ್ದರೆ ಏನು ಎಂದು ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅಚ್ಚಿಗೆ ಮುಂಚೆ ಪ್ರಬಂಧ ಪರೀಕ್ಷಿಸುವ, ಪತ್ರಿಕೆಯ ರಿವ್ಯೂವರ್ ಒಬ್ಬರು ಎಲ್ಲ ಮೆಚ್ಚಿಕೊಂಡು ಒಂದೇ ಒಂದು ಮಾತು ಕೇಳಿದ್ದರು: ಜಿಗಿತದ ಕೆಳಗಿನ ಎರಡು ಮೂರು ಹೋಳುಗಳನ್ನು ಇನ್ನೊಬ್ಬರು ಮತ್ತೆ ಎಣಿಸಿ ಖಾತ್ರಿ ಮಾಡಿ.

ಜಿಗಿತ ಸರಿಯಾಗಿ ಇಬ್ಬರ ಪಾಲು ಕೂಡುವ ಜಾಗದಲ್ಲೇ ಬಂದಿದೆಯಲ್ಲ ಎಂಬುದು ಇಂದೂಗೆ ಹೊಳೆದಿರಲಿಲ್ಲ ಎಂದಲ್ಲ. ಜೊತೆಗೆ ಕೆಲಸ ಮಾಡುವ ಹರ್ಷದಾ ಒಮ್ಮೆ ಮರಾಠಿಯಲ್ಲಿ ಕೇಳಿಯೂ ಇದ್ದಳು, ಒಂದೆರಡು ಹೋಳುಗಳನ್ನು ಇಬ್ಬರೂ ಎಣಿಸಿ ತಾಳೆ ನೋಡಲಿಲ್ಲವೇ ಎಂದು. ಇಲ್ಲ, ನೋಡಿರಲಿಲ್ಲ. ಚಿಪ್ಪು ಸರಿಸುವ ಕುಂಚ ಹಿಡಿಯುವುದನ್ನು ಕಲಿಸಿದವರು ಎಣಿಸಿ ಕೊಟ್ಟದ್ದನ್ನು ಮತ್ತೆ ಎಣಿಸುವುದು ಹೇಗೆ? ಯಾವ ಮುಖ ಹೊತ್ತು ಕೇಳುವುದು? ಇಂದೂ ಹಾಗೆ ಕೇಳುವ ಮನೆತನದವಳಲ್ಲ. ಧಾರವಾಡದ ಅವಳ ಅಪ್ಪ ಇಂದಿಗೂ ತಮ್ಮ ಮಾಸ್ತರರ ಎದುರು ಕುರ್ಚಿಯಲ್ಲಿ ಕೂರುವವರಲ್ಲ. ಈಗ ರಿವ್ಯೂವರ್ ಕೇಳಿದ್ದರಿಂದ ಹೊರಟಿದ್ದಳೇ ಹೊರತು ತಾನಾಗಿ ಎಂದೂ ಹೊರಡುತ್ತಿರಲಿಲ್ಲ.

ಬಾಗಿಲು ತೆರೆದವರು ಸರ್ ಅವರ ಹೆಂಡತಿ ಉಮಾವತಿ ಕಾಕು. ಅಡುಗೆ ಮನೆಯಿಂದ ಇಂಗಿನ ಒಗ್ಗರಣೆಯ ವಾಸನೆ ಅವರ ಹಿಂದೆಯೇ ಬಂತು.

“ಬಾ ಇಂದೂ, ಬಾ. ಎಷ್ಟ ಸೊರಗೀ ನೀ! ಊಟಾಗೀಟಾ ಮಾಡ್ತೀಯೋ ಇಲ್ಲೋ?”

“ಮಾಡ್ತೀನ್ರಿ ಕಾಕು. ಬಸ್ಸಿನಾಗ ನಿಂತು ನಿಂತು ಹಿಂಗಾಗೀನಿ.”

ಸರ್ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ಅವಳು ಕಾಲಿಗೆ ನಮಸ್ಕರಿಸಿದಾಗ ತಲೆಯ ಮೇಲೆ ಕೈಯಿಟ್ಟರು, ಆದರೆ ಮುಖ ತಿರುಗಿದ್ದು ಅವಳ ಭುಜದ ಆಚೆ ಎಲ್ಲಿಗೋ. ವಿದ್ಯಾರ್ಥಿಗಳನ್ನು ನೇರ ನೋಡಿ ಮಾತಾಡುವ ಪದ್ಧತಿ ಅವರಿಗೆ ಎಂದೂ ಇರಲಿಲ್ಲವಾದ್ದರಿಂದ ಇಂದೂ ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ರಿವ್ಯೂವರ್ ಕೇಳಿದ್ದನ್ನು ಹೇಳಿದಳು.

“ನೀವು ಎಂದಿನಂಗ ಒಂದು ಹೋಳು ಎಣಸ್ರಿ ಸರ್. ಆಮ್ಯಾಲ ಅದನ್ನ ನಾ ಎಣಸ್ತೀನಿ. ಎರಡೂ ಕೂಡಿದ್ರ ಆತು, ಇವತ್ತ ರಾತ್ರಿನ ಉತ್ತರಾ ಬರದು ಹಾಕ್ತೀನಿ.”

“ಚಹಾ ಕುಡಿ ಮೊದಲ.”

ಚಹಾ ಆಯಿತು. ಅವಲಕ್ಕಿ ಆಯಿತು. ಸಂಸ್ಥೆಯ ಹಳೆಯ ಜಗಳಗಳೆಲ್ಲ ಒಂದು ಸುತ್ತು ಬಂದವು. ಇಂದೂ ಮತ್ತೆ ಕೇಳಿದಳು.

“ಇವತ್ತ ಬೆಳಕು ಬರೋಬರಿ ಇಲ್ಲ,” ಎಂದರು ಸರ್. ಕಿಟಕಿಯಿಂದ ಬಿಸಿಲು ಅವರ ತೊಡೆಯ ಮೇಲೇ ಬಿದ್ದಿತ್ತು.

ಕಾಕು ತಟ್ಟೆ ಎತ್ತುತ್ತಿದ್ದವರು ಅಲ್ಲೇ ನಿಂತರು. “ಎಷ್ಟ ದಿನಾಂತ ಮುಚ್ಚಿಡ್ತೀರಿ? ಇಂದೂ ಏನ್ ಹೊರಗಿನಾಕಿ ಏನು?” ಎಂದವರೇ ಸೆರಗಿಗೆ ಕೈ ಒರೆಸಿಕೊಂಡು ಬಂದು, ಟೇಬಲ್ಲಿನ ಮೇಲಿನ ಸೂಕ್ಷ್ಮದರ್ಶಕಕ್ಕೆ ಹೊದಿಸಿದ್ದ ಹಳೆಯ ಪಂಚೆಯ ತುಂಡನ್ನು ತೆಗೆದು, ದೀಪ ಹಚ್ಚಿ, ಕುರ್ಚಿ ಎಳೆದು ಕೂತರು. ಎಷ್ಟೋ ವರ್ಷದ ರೂಢಿಯಿದ್ದವರ ಹಾಗೆ ಕೂತರು. “ನಾ ಹೇಳ್ತೀನಿ, ನೀವು ಗೀಟು ಹಾಕ್ಕೋತ ಹೋಗ್ರಿ, ದಿನಾ ಮಾಡಿದಂಗ.”

ಇಂದೂಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಸರ್ ಕಡೆ ನೋಡಿದಳು.

“ಕಣ್ಣು ಹೋಗ್ಯಾವ ಇಂದೂ,” ಎಂದರು ಅವರು, ಹವೆಯ ಸುದ್ದಿ ಹೇಳುವಷ್ಟು ಸಾದಾ ದನಿಯಲ್ಲಿ. “ಪೂರ್ತಿ ಅಲ್ಲ. ಅಂಚಿನಾಗ ಕಾಣ್ತದ, ನಟ್ಟನಡುವ ಏನೂ ಇಲ್ಲ. ನಿನ್ನ ಕಿವಿ ಕಾಣಸ್ತಾವ, ಮುಖಾ ಕಾಣೂದಿಲ್ಲ.”

“ಯಾವಾಗಿಂದ ಸರ್?”

“ರಿಟೈರ್ ಆದ ವರ್ಷದಿಂದ. ಇನ್ನ ಎಣಸ್ಲಿಕ್ಕೆ ಆಗೂದಿಲ್ಲಂತ ಹೇಳಿದ್ರ ಆ ಸೂಕ್ಷ್ಮದರ್ಶಕ ವಾಪಸ್ ಒಯ್ತಿದ್ರು. ಅದ ಹೋದ ಮ್ಯಾಲ ನಾ ಇಲ್ಲೆ ಕೂತು ಏನ್ ಮಾಡ್ಲಿ? ಇಕಿ ಕಣ್ಣು ಛಲೋ ಅವ. ಎಡಕ್ಕ ಸುತ್ತೇದೋ ಬಲಕ್ಕೋ, ಅಷ್ಟ ನೋಡಿ ಹೇಳು ಅಂದೆ. ಅದಕ್ಕೇನ್ ಪಿಎಚ್.ಡಿ. ಬೇಕು?”

ಅಂದರೆ ಕೆಳಗಿನ ಅರ್ಧದ ಒಂದೇ ಒಂದು ಚಿಪ್ಪನ್ನೂ ಸರ್ ನೋಡಿರಲಿಲ್ಲ. ಇಂದೂಗೆ ಮೊದಲು ಅಯ್ಯೋ ಅನ್ನಿಸಿತು, ಹಿಂದೆಯೇ ಸಿಟ್ಟು ಬಂತು. ಸಿಟ್ಟು ಮಾಡಲಿಕ್ಕೂ ಮೈಯಲ್ಲಿ ಕಸುವು ಬೇಕಲ್ಲ, ಅದೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಾಕು ಸರಿಯಾಗಿ ಎಣಿಸಿದ್ದರೆ ಯಾರು ಎಣಿಸಿದರೇನು ಎಂದು ತನಗೆ ತಾನೇ ಹೇಳಿಕೊಂಡಳು. ಎಣಿಸಲಿ, ನೋಡೋಣ.

ಕಾಕು ಎಣಿಸತೊಡಗಿದರು. ಪ್ರಯೋಗಾಲಯದಲ್ಲಿ ಎಲ್ಲರೂ ಕುಂಚದ ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಳ್ಳುವವರೇ. ಕಾಕು ಹಾಗಲ್ಲ. ಎಂಜಲಾಗುತ್ತದೆಂದು ಪಕ್ಕದಲ್ಲಿ ಪಂಚಪಾತ್ರೆಯಲ್ಲಿ ನೀರು ಇಟ್ಟುಕೊಂಡು, ಅದಕ್ಕೆ ಅದ್ದಿ ಅದ್ದಿ, ಕಪ್ಪು ತಟ್ಟೆಯ ಮೇಲಿನ ಚಿಪ್ಪುಗಳನ್ನು ಒಂದೊಂದಾಗಿ ಸರಿಸುತ್ತಿದ್ದರು. “ಎಡಾ... ಎಡಾ... ಎಡಾ...” ಒಂದು ಚಿಪ್ಪಿನ ಬಳಿ ತಡೆದರು, ಮತ್ತೆ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. “ಇದು ಬಲಮುರಿ!” ಎಂದು ಹಿಗ್ಗಿ, “ಬಲಮುರಿ ಶಂಖ ಸಿಗೂದಂದ್ರ ಏನ್ ಸಣ್ಣ ಮಾತೇನವಾ? ಸಿಕ್ಕಾಗೆಲ್ಲಾ ಒಮ್ಮೆ ಕೈ ಮುಗಿದು ಮುಂದ ಹೋಗ್ತೀನಿ ನಾ,” ಎಂದರು. ಸರ್ ಕಾಗದದ ಮೇಲೆ ದಪ್ಪ ದಪ್ಪ ಗೀಟು ಎಳೆಯುತ್ತಿದ್ದರು.

ಎಷ್ಟು ನಿಧಾನ, ಎಷ್ಟು ಎಚ್ಚರ! ಇಂದೂಗೆ ಜೀವ ಹಗುರಾಯಿತು. ಸಂಸ್ಥೆಯ ಹುಡುಗರು ಯಾರೂ ಒಂದು ಚಿಪ್ಪಿಗೆ ಇಷ್ಟು ಹೊತ್ತು ಕೊಡುವುದಿಲ್ಲ. ಹೋಳು ಮುಗಿದ ಮೇಲೆ, ಇನ್ನೇನು ನೆಪಮಾತ್ರಕ್ಕೆ ಎಂಬಂತೆ, “ನಾ ಒಮ್ಮೆ ನೋಡ್ಲೇನ್ರಿ ಕಾಕು?” ಎಂದು ಬಗ್ಗಿದಳು.

ತಟ್ಟೆಯಲ್ಲಿ ಚಿಪ್ಪುಗಳು ಸಾಲು ಹಿಡಿದು ಕೂತಿದ್ದವು. ಒಂದೂ ವಾರೆಯಾಗಿರಲಿಲ್ಲ, ಒಂದೂ ಬೋರಲು ಬಿದ್ದಿರಲಿಲ್ಲ. ತಟ್ಟೆಗೆ ಸುರುವಿದ ಚಿಪ್ಪು ಹೀಗೆಂದೂ ಬೀಳುವುದಿಲ್ಲ. ಒಂದೊಂದರ ಬಾಯಿಯೂ ಮೇಲಕ್ಕೆ, ನೇರ ಇಂದೂಳ ಕಣ್ಣಿಗೆ ತಿರುಗಿತ್ತು.

“ಎಲ್ಲಾ ಬಾಯಿ ಮ್ಯಾಲ ಮಾಡೀರಲ್ರಿ ಕಾಕು?”

“ಮತ್ತ? ಶಂಖ ಬಾಯಿ ಕೆಳಗ ಮಾಡಿ ಇಡ್ತಾರೇನು ಯಾರರ? ದೇವರ ಮುಂದ ಹಂಗಿಟ್ರ ನಮ್ಮ ಅತ್ತಿ ಕೈ ಮ್ಯಾಲ ಹೊಡೀತಿದ್ರು. ಸಣ್ಣದಿದ್ರೇನಾತು, ಶಂಖ ಶಂಖನ. ಮೊದಲ ಸೀದಾ ಇಡ್ತೀನಿ, ಆಮ್ಯಾಲ ಯಾ ಕಡೆ ಸುತ್ತೇದ ನೋಡ್ತೀನಿ.”

ಇಂದೂ ಕುಂಚ ತೆಗೆದುಕೊಂಡು ಒಂದು ಚಿಪ್ಪನ್ನು ಮಗುಚಿದಳು. ಈ ಚಿಪ್ಪುಗಳನ್ನು ನೋಡಬೇಕಾದದ್ದು ಬೆನ್ನಿನ ಕಡೆಯಿಂದ. ಅದು ಮೊದಲ ದಿನದ ಮೊದಲ ಪಾಠ. ಎಷ್ಟು ಮೊದಲಿನ ಪಾಠವೆಂದರೆ ಸರ್ ಅದನ್ನು ಹೆಂಡತಿಗೆ ಹೇಳುವುದನ್ನೇ ಮರೆತಿದ್ದರು. ಬಾಯಿಯ ಕಡೆಯಿಂದ ನೋಡಿದರೆ ಸುತ್ತು ಉಲ್ಟಾ ಕಾಣುತ್ತದೆ, ಅಂಗಡಿಯ ಗಾಜಿನ ಮೇಲಿನ ಹೆಸರನ್ನು ಒಳಗೆ ನಿಂತು ಓದಿದ ಹಾಗೆ. ಮಗುಚಿದ ಚಿಪ್ಪು ಬಲಕ್ಕೆ ಸುತ್ತಿತ್ತು. ಅದರ ಪಕ್ಕದ್ದೂ ಬಲಕ್ಕೆ. ಅದರಾಚೆಯದೂ.

ಸಮುದ್ರ ಜಿಗಿದಿರಲೇ ಇಲ್ಲ. ಜಿಗಿತ ಕಂಡ ಜಾಗದಲ್ಲಿ ಎಣಿಸುವ ಕೈ ಬದಲಾಗಿತ್ತು, ಅಷ್ಟೇ. ಇನ್ನೂ ಹೊಟ್ಟೆ ಉರಿಸುವಂಥ ಮಾತೆಂದರೆ, ಕಾಕು ಒಂದಿಷ್ಟು ಅಡ್ಡಾದಿಡ್ಡಿ ಎಣಿಸಿದ್ದರೂ ಆ ಜಿಗಿತ ಅಷ್ಟು ಚೊಕ್ಕವಾಗಿ ಬರುತ್ತಿರಲಿಲ್ಲ, ಯಾರೂ ನಂಬುತ್ತಲೂ ಇರಲಿಲ್ಲ.

ಒಳಗೆ ಕುಕ್ಕರ್ ಕೂಗಿತು. ಕಾಕು ಎದ್ದು ಹೋದರು. ಸರ್ ಗೀಟಿನ ಕಾಗದವನ್ನು ಅವಳ ಕಡೆ, ಅಂದರೆ ಅವಳು ಇರಬಹುದೆಂದು ಅಂದುಕೊಂಡ ಕಡೆ, ಸರಿಸಿದರು.

“ಸರಿ ಅದ ಅಲಾ?”

ಇಂದೂ ತಟ್ಟೆಯನ್ನು ನೋಡುತ್ತ ಕೂತಳು. ಸರ್‌ಗೆ ಕಾಣುವುದಿಲ್ಲ. ಕಾಕು ಸಾವಿರ ಸಲ ಎಣಿಸಿದರೂ ಹೀಗೇ ಎಣಿಸುತ್ತಾರೆ. ರಿವ್ಯೂವರ್ ಯಾವುದೋ ದೇಶದಲ್ಲಿದ್ದಾರೆ, ಅವರಿಗೆ ಬೇಕಾದದ್ದು ಒಂದು ಸಾಲಿನ ಉತ್ತರ. ಹುದ್ದೆ ಒಮ್ಮೆ ಕೈಗೆ ಬಂದರೆ ಆಮೇಲೆ ಇನ್ನೊಂದು ಕೋರ್ ತೆಗೆದು, ನಿಧಾನಕ್ಕೆ, ಇದನ್ನು ತಾನೇ ತಿದ್ದಬಹುದು. ಎಷ್ಟೋ ಜನ ಹಾಗೆ ಮಾಡಿದ್ದಾರೆ. ನಿಗಡಿಯಿಂದ ಸಂಸ್ಥೆಗೆ, ಸಂಸ್ಥೆಯಿಂದ ನಿಗಡಿಗೆ, ಪ್ರತಿ ಮಾರ್ಚಿಗೆ ಇನ್ನೊಂದು ವರ್ಷ ಮುಂದುವರಿಸುತ್ತಾರೋ ಇಲ್ಲವೋ ಎಂದು ಉಗುರು ಕಡಿಯುವುದು ಸಾಕಾಗಿತ್ತು ಅವಳಿಗೆ.

“ಸರಿ ಅದರಿ ಸರ್,” ಎಂದಳು.

ಹೇಳಿಬಿಟ್ಟಳು. ಸರ್ ಮುಖ ಅರಳಿದ್ದನ್ನು ನೋಡಿದಳು. ಕೈಚೀಲ ಎತ್ತಿಕೊಳ್ಳಬೇಕು, ನಮಸ್ಕಾರ ಹೇಳಿ ಬಸ್ಸು ಹಿಡಿಯಬೇಕು. ಅಷ್ಟರಲ್ಲಿ ಕಾಕು ಒಂದು ಡಬ್ಬಿಯಲ್ಲಿ ಮೆಂತ್ಯದ ಹಿಟ್ಟು ತುಂಬಿಕೊಂಡು ಬಂದರು.

“ತಗೋ, ಮುಂಜಾನೆ ಹಸಿದು ಓಡ್ತಿರ್ತಿ, ಅನ್ನಕ್ಕರ ಕಲಸಿಕೊ. ಎಲ್ಲಾ ಬರೋಬರಿ ಬಂತು ಹೌದಲ್ಲೋ? ನನಗ ಭಾಳ ಹೆದರಿಕಿ ಇತ್ತವಾ. ಇವರಂತೂ ದಿನಾ ಅಂತಿದ್ರು, ಇಂದೂಂದು ಒಂದು ನೆಲೆ ಆಗ್ಲಿ, ಆಮ್ಯಾಲ ಕಣ್ಣಿನ ಸುದ್ದಿ ಎಲ್ಲಾರಿಗೂ ಹೇಳೂಣಂತ. ನನಗ ನಿಮ್ಮ ಶಾಸ್ತ್ರಾ ಏನೂ ಗೊತ್ತಿಲ್ಲ. ಆದ್ರ ಅಂದಾಜಿನ ಮ್ಯಾಲ ಒಂದೂ ಹೇಳಿಲ್ಲ ನೋಡು. ಕಣ್ಣಾಗ ನೀರು ಬಂದ್ರ ಎದ್ದು ಮಾರಿ ತೊಳಕೊಂಡು ಬಂದು ಮತ್ತ ನೋಡೀನಿ.”

ಇಂದೂ ಡಬ್ಬಿಯನ್ನು ಹಿಡಿದು ನಿಂತಳು. ಚೀಲದೊಳಗೆ ಇಡಲಿಲ್ಲ, ಟೇಬಲ್ಲಿನ ಮೇಲೂ ಇಡಲಿಲ್ಲ. ಕೊನೆಗೆ ಕುರ್ಚಿಯಲ್ಲಿ ಮತ್ತೆ ಕೂತಳು.

“ಕಾಕು, ಈ ಚಿಪ್ಪನ್ನ ಬೆನ್ನಿನ ಕಡಿಂದ ನೋಡಬೇಕ್ರಿ. ಬಾಯಿ ಕೆಳಗ ಮಾಡಿ. ನೀವು ಎಡಾ ಅಂದದ್ದೆಲ್ಲಾ ಬಲಾ ಅವ.”

ಸರ್ ಕೈ ಕಾಗದದ ಗೀಟುಗಳ ಮೇಲೆ ಹಾಗೇ ನಿಂತಿತ್ತು. ಅವರಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಕೆಳಗಿನ ಅರ್ಧ, ಮೇಲಿನ ಅರ್ಧ, ಜಿಗಿತ, ಹುದ್ದೆ, ಎಲ್ಲ ಒಂದೊಂದಾಗಿ ಕುಸಿದು ಬೀಳುವುದು ಅವರ ಮುಖದ ಮೇಲೆ ಕಾಣಿಸಿತು.

“ನೀ ಈಗ ತಾನ ಸರಿ ಅದ ಅಂದಿ,” ಎಂದರು.

“ಹೌದ್ರಿ ಸರ್. ಸುಳ್ಳು ಹೇಳಿದೆ.”

“ಮತ್ತ ಈಗ ಯಾಕ ಹೇಳಿದಿ? ಸುಮ್ಮನ ಹೋಗಿದ್ರ ಯಾರಿಗೆ ಗೊತ್ತಾಗ್ತಿತ್ತು?”

ಏನಾದರೂ ದೊಡ್ಡ ಮಾತು ಹೇಳಬೇಕಾದ ಜಾಗ ಅದು. ಸತ್ಯ, ವಿಜ್ಞಾನ, ನಿಮ್ಮ ಕಲಿಸುವಿಕೆ, ಹೀಗೇನಾದರೂ. ಇಂದೂಗೆ ಅಂಥದ್ದು ಒಂದೂ ಹೊಳೆಯಲಿಲ್ಲ.

“ದಣಿವಾಗೇದ್ರಿ ಸರ್. ಈ ನೌಕರಿ ಹೊತ್ತುಕೊಂಡ ಕುತ್ತಿಗಿ ಹೋಗೇದ. ಅದರ ಮ್ಯಾಲ ಇದನ್ನೂ ಹೊತ್ತುಕೊಂಡು ರಿಟೈರ್ ಆಗೂತನಕಾ ತಿರಗೂ ಶಕ್ತಿ ಇಲ್ಲ ನನಗ.”

ಸರ್ ತಲೆಯಾಡಿಸಿದರು. “ಖರೆ,” ಎಂದರು. “ನನಗ ಗೊತ್ತದ ಅದು. ಕಾಣ್ತದ ಕಾಣ್ತದ ಅಂತ ನಟಿಸೂದರಾಗ ಎಷ್ಟ ಸುಸ್ತಾಗ್ತದ ಅಂತೀ.”

ಕಾಕು ಇನ್ನೂ ಅಲ್ಲೇ ನಿಂತಿದ್ದರು. “ಎಲ್ಲಾನೂ ತಪ್ಪೇನು?” ಎಂದು ಕೇಳಿದರು. “ಮೊದಲಿಂದ ಎಲ್ಲಾನೂ?”

“ತಪ್ಪು ಒಂದೂ ಇಲ್ರಿ ಕಾಕು. ತಿರುವುಮುರುವು ಅಷ್ಟ. ಹೊಳ್ಳಿ ಎಣಸೂದೂ ಬ್ಯಾಡ. ಎಡಾ ಇದ್ದಲ್ಲೆ ಬಲಾ ಬರಕೊಂಡ್ರ ಆತು.”

“ಅಂದ್ರ ಸಮುದ್ರಕ್ಕ ಏನೂ ಆಗಿದ್ದಿಲ್ಲ?”

“ಏನೂ ಆಗಿದ್ದಿಲ್ರಿ. ಹಿಂದೂ ಬೆಚ್ಚಗ ಇತ್ತು, ಆಮ್ಯಾಲೂ ಬೆಚ್ಚಗ ಇತ್ತು.”

“ಮತ್ತ ನಿನ್ನ ನೌಕರಿ?”

ಇಂದೂ ಡಬ್ಬಿಯ ಮುಚ್ಚಳ ಒತ್ತಿ ಬಿಗಿ ಮಾಡಿದಳು. ಏನೂ ಆಗಲಿಲ್ಲ ಎಂಬುದನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ, ಅದಕ್ಕೆ ಯಾರೂ ಹುದ್ದೆ ಕೊಡುವುದಿಲ್ಲ. ಇದನ್ನು ಕಾಕುಗೆ ವಿವರಿಸಿ ಏನಾಗಬೇಕಿದೆ? ಆದರೆ ಕಾಕುಗೆ ಉತ್ತರ ತಿಳಿದಿರಬೇಕು. ಸೂಕ್ಷ್ಮದರ್ಶಕದ ದೀಪ ಆರಿಸಿ, ಪಂಚಪಾತ್ರೆ ಎತ್ತಿಕೊಂಡು ಒಳಗೆ ಹೋದರು.

ಅಡುಗೆ ಮನೆಯಲ್ಲಿ ಪಾತ್ರೆಯ ಸದ್ದು ಕೇಳಲಿಲ್ಲ, ನಲ್ಲಿಯ ಸದ್ದೂ ಇಲ್ಲ. ಸರ್ ಕಿವಿ ಆ ಕಡೆಗೇ ಇತ್ತು. ದನಿ ತಗ್ಗಿಸಿ ಕೇಳಿದರು:

“ಅಕಿ ಅಳ್ಳಿಕತ್ತಾಳೇನು ನೋಡು ಇಂದೂ. ನನಗ ಕಾಣೂದಿಲ್ಲ.”

ಇಂದೂ ಬಗ್ಗಿ ನೋಡಿದಳು. ಬಾಗಿಲ ಸಂದಿಯಲ್ಲಿ ಕಾಕು ಕಟ್ಟೆಗೆ ಎರಡೂ ಕೈ ಊರಿ ನಿಂತಿದ್ದರು. ಬೆನ್ನು ಅಲುಗುತ್ತಿತ್ತು. ಇಲ್ಲ ಸರ್, ಪಾತ್ರೆ ಜೋಡಿಸುತ್ತಿದ್ದಾರೆ ಎಂದು ಹೇಳಿದ್ದರೆ ಅವರು ನಂಬುತ್ತಿದ್ದರು. ಇವತ್ತಿನ ಮಟ್ಟಿಗೆ ಅವರಿಗೆ ಅಷ್ಟು ನೆಮ್ಮದಿಯಾದರೂ ಸಿಗುತ್ತಿತ್ತು.

“ಹೌದ್ರಿ ಸರ್,” ಎಂದಳು. “ಅಳ್ಳಿಕತ್ತಾರ.”

ಪಂಢರಿನಾಥರು ಎದ್ದರು. ಟೇಬಲ್ಲಿನ ಅಂಚು ಮುಟ್ಟಿ, ಕುರ್ಚಿಯ ಬೆನ್ನು ಮುಟ್ಟಿ, ಗೋಡೆ ಮುಟ್ಟಿ, ಒಂದು ಕಡೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಒಳಗೆ ಹೋದರು. “ಉಮಾ, ಎಲ್ಲಿದ್ದೀ?” ಎಂದು ಕೇಳಿದ್ದು ಹೊರಗೂ ಕೇಳಿಸಿತು. ಇಂದೂ ಫೋನ್ ತೆಗೆದು, ಕೂತಲ್ಲೇ, ಜಿಗಿತ ಇರಲೇ ಇಲ್ಲವೆಂದು ಪತ್ರಿಕೆಯವರಿಗೆ ಬರೆಯತೊಡಗಿದಳು.